ಬಾಲ್ಯ ಕೆದಕುವ ಡಾಕ್ಟರು

ನಮ್ಮ ಬೀದಿಯ ಮನೋವೈದ್ಯರ ಎದುರು ಸುಮ್ಮನೆ ಕೆಮ್ಮುವುದಕ್ಕೂ ಜನರಿಗೆ ಭಯ. ಯಾರಾದರೂ ಕೊಡೆ ಮರೆತು ಹೋದರೆ, "ಮರೆತಿದ್ದಲ್ಲ ರೀ, ವಾಪಸ್ ಬರೋಕೆ ನಿಮ್ಮ ಒಳಮನಸ್ಸು ನೆಪ ಹುಡುಕಿದೆ" ಅನ್ನುತ್ತಾರೆ. ಚಹಾ ಸಪ್ಪೆಯಾದರೆ ಹೆಂಡತಿಯನ್ನು, "ಇದು ಯಾರ ಮೇಲಿನ ಕೋಪ? ನಿಮ್ಮಪ್ಪನ ಮೇಲಿನದಾ?" ಎಂದು ಕೇಳುತ್ತಾರೆ. "ಸಕ್ಕರೆ ಮುಗಿದಿದೆ ಕಣ್ರೀ, ನಮ್ಮಪ್ಪನ್ನ ಬಿಟ್ಟುಬಿಡಿ" ಎಂದು ಆಕೆ ಹಣೆ ಚಚ್ಚಿಕೊಳ್ಳುತ್ತಾರೆ. ಎಲ್ಲರ ಬಾಲ್ಯವನ್ನೂ ಕೆದಕುವ ಈ ಮನುಷ್ಯ ತಮ್ಮ ಬಾಲ್ಯದ ಬಗ್ಗೆ ಕೇಳಿದರೆ ಮಾತ್ರ, "ಚೆನ್ನಾಗಿತ್ತು" ಎಂದು ಮುಗಿಸಿಬಿಡುತ್ತಾರೆ. ಮೊನ್ನೆ ನಾನು ಅವರ ಮನೆಯಲ್ಲಿದ್ದಾಗ, ನೋಡಲು ಬಂದಿದ್ದ ಅವರ ಅಕ್ಕ, "ಅಮ್ಮ ನಿನ್ನನ್ನ ಕತ್ತಲೆ ಕೋಣೇಲಿ ಕೂಡಿಹಾಕ್ತಿದ್ದಳಲ್ಲ, ಪಾಪ, ಎಷ್ಟು ಅಳ್ತಿದ್ದೆ" ಎಂದರು. "ಅಯ್ಯೋ, ಹಾಗೆಲ್ಲ ಏನೂ ಆಗಿಲ್ಲಕ್ಕ" ಎಂದು ನಕ್ಕ ಡಾಕ್ಟರು, ನಗುತ್ತಲೇ ಎದ್ದು ಹೋಗಿ ಮನೆಯ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತೆರೆದಿಟ್ಟು ಬಂದರು.