ಹೆಬ್ಬಾಗಿಲ ಗೋಡೆಯ ಕೈಗಳು

ನಮ್ಮ ಕೋಟೆಯ ಹೆಬ್ಬಾಗಿಲು ಗುಡಿಸುವ ಹಂಜಾಬಾಯಿಗೆ ಮೂಗಿನ ತುದಿಯಲ್ಲೇ ಕೋಪ. ಎದುರಿಗೆ ಚಹಾ ಮಾರುವ ನನಗೂ ಅದರ ಬಿಸಿ ತಟ್ಟಿದೆ. ರಾಜರ ಚಿತೆಯಲ್ಲಿ ಬೆಂದುಹೋದ ರಾಣಿಯರು ಸತಿ ಹೋಗಲು ಹೊರಡುವ ಮುನ್ನ ಒತ್ತಿದ ಅಂಗೈಗಳ ಗುರುತುಗಳು ಆ ಬಾಗಿಲ ಗೋಡೆಯ ಮೇಲಿವೆ. ಬಾಗಿಲು ಗುಡಿಸುವವರೇ ದಿನಾ ಅವಕ್ಕೆ ಸಿಂಧೂರ ಹಚ್ಚಬೇಕು. ಈ ಕೆಲಸ ತನ್ನ ಪಾಲಿಗೆ ಬಂದಾಗ ಹಂಜಾಬಾಯಿ ಅತ್ತೆಯ ಕೈಯಿಂದ ಪೊರಕೆ ತೆಗೆದುಕೊಂಡಳು, ಸಿಂಧೂರದ ಬಟ್ಟಲು ಮುಟ್ಟಲಿಲ್ಲ.

"ಹೆಂಗಸರನ್ನ ಸುಟ್ಟು ಹಾಕಿದ್ದಲ್ದೆ ಸಿಂಗಾರ ಬೇರೆ ಕೇಡು" ಎಂದಳು.

ಬಟ್ಟಲು ಗೈಡ್ ಗುಮಾನ್‌ಸಿಂಗನ ಪಾಲಾಯಿತು.

ಮೊನ್ನೆ ಅವನು ಆಗಷ್ಟೇ ಸಿಂಧೂರ ಹಚ್ಚಿ, ತಾಯಿಯ ಜೊತೆ ಪ್ರವಾಸಕ್ಕೆ ಬಂದಿದ್ದ ಪುಟ್ಟ ಹುಡುಗಿಯ ಕೈಯನ್ನು ಎಲ್ಲಕ್ಕಿಂತ ಚಿಕ್ಕ ಗುರುತಿನ ಮೇಲೆ ಇಡಿಸಿದ.

"ನೋಡಿ ಅಕ್ಕಾ, ಅಳತೆ ತಗೊಂಡು ಮಾಡಿದ ಹಾಗಿದೆ. ಫೋಟೋ ತೆಗೀರಿ."

ತಾಯಿ ನಗುತ್ತಾ ಮೊಬೈಲ್ ಎತ್ತಿದಳು. ಹಂಜಾಬಾಯಿ ಪೊರಕೆ ಬಿಸಾಕಿ ಬಂದು ಮಗುವಿನ ಕೈ ಎಳೆದುಕೊಂಡಳು. ಅಂಟಿದ್ದ ಕೆಂಪನ್ನು ಸೆರಗಿನಿಂದ ತಿಕ್ಕತೊಡಗಿದಳು.

"ತಲೆ ಕೆಟ್ಟಿದೆಯಾ ನಿಂಗೆ? ಬಂದೋರ ಮುಂದೆ ಮರ್ಯಾದೆ ತೆಗೀತೀಯಲ್ಲ" ಎಂದು ಗುಮಾನ್‌ಸಿಂಗ್ ಗದರಿದ.

ಮಗು ಗೋಡೆಯ ಪುಟ್ಟ ಕೈಯನ್ನೇ ನೋಡುತ್ತಿತ್ತು. "ಈ ಅಕ್ಕ ಆಮೇಲೆ ಎಲ್ಲಿಗೆ ಹೋದ್ಲು?" ಎಂದು ಅವನನ್ನು ಕೇಳಿತು.

"ಹೇಳಯ್ಯಾ" ಎಂದಳು ಹಂಜಾಬಾಯಿ. "ದಿನವಿಡೀ ಬಾಯಿ ಹರ್ಕೊಂಡು ಹೇಳ್ತೀಯಲ್ಲ, ಈಗ ಇವಳ ಮುಖ ನೋಡ್ಕೊಂಡು ಹೇಳು."

ಗುಮಾನ್‌ಸಿಂಗ್ ತನ್ನ ಕೆಂಪು ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ.