ಕೆಮ್ಮಣ್ಣಿನ ಮರಿ ಜೀಪು ಮತ್ತು ಭಾವ ಕುಡಿದ ಚಾ

ಮೊನ್ನೆ ಮಣಿಪಾಲದಲ್ಲಿ ಹಳೆಯ ಕಾರು ಮಾರುವವರೊಬ್ಬರ ಶೆಡ್ಡಿನಲ್ಲಿ ಒಂದು ಬಾಗಿಲು ತೆರೆದಾಗ, ಬಹಳ ದಿನ ಮುಚ್ಚಿಟ್ಟ ಕಾರಿನ ವಾಸನೆ ಮುಖಕ್ಕೆ ಬಡಿಯಿತು. ಕಾದ ರೆಕ್ಸಿನ್, ಒಂದಿಷ್ಟು ಪೆಟ್ರೋಲು, ಸೀಟಿನಡಿ ಯಾರೋ ಹಾಕಿ ಮರೆತ ನುಸಿಗುಳಿಗೆ. ನಿಮಗೂ ಈ ವಾಸನೆಯ ಪರಿಚಯ ಇದ್ದೀತು. ಕೆಲವರಿಗೆ ತಲೆನೋವು ತರುತ್ತದೆ. ನನಗೆ ಮಾತ್ರ ಅದರಿಂದ ಹಸಿವಾದಂತಾಗುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

"ಗೇರಿನದ್ದಾ ಮೇಡಂ, ಆಟೋಮ್ಯಾಟಿಕ್ಕಾ?" ಎಂದು ಶೆಡ್ಡಿನವರು ಕೇಳಿದರು. ಅವರ ಬಾಯಿ ಮುಚ್ಚುವ ಮೊದಲೇ "ಗೇರಿನದ್ದೇ" ಎಂದೆ. ಪಕ್ಕದಲ್ಲಿ ನಿಂತಿದ್ದ ನಮ್ಮವರು ನನ್ನ ಎಡ ಮೊಣಕಾಲನ್ನು ನೋಡಿದರು. ನಿವೃತ್ತಿಯಾದ ಮೇಲೆ ಆ ಮೊಣಕಾಲು ನನ್ನ ಜೊತೆ ಸರಿಯಾಗಿಲ್ಲ. ಮಣಿಪಾಲದ ಏರಿನಲ್ಲಿ ವಾಹನಗಳ ಸಾಲು ನಿಂತು ಹೊರಟು, ನಿಂತು ಹೊರಟು ಮಾಡುವಾಗ ಕ್ಲಚ್ ಒತ್ತಿ ಒತ್ತಿ ಅದು ಅಳುವುದು ನನಗೊಬ್ಬಳಿಗೇ ಕೇಳಿಸುತ್ತದೆ. ಆದರೂ ನನ್ನದು ಹಟ. ಗೇರಿಲ್ಲದ ಕಾರು ಬಿಡುವುದು ಉಪ್ಪಿಲ್ಲದ ಗಂಜಿ ಉಂಡ ಹಾಗೆ ಎಂದು ಮನೆಯಲ್ಲಿ ಭಾಷಣ ಮಾಡಿಯಾಗಿತ್ತು.

ಆ ಶೆಡ್ಡಿನಲ್ಲಿದ್ದಂಥ ಎತ್ತರದ ಕಾರುಗಳಿಗೆ ಈಗ ಕ್ರಾಸ್‌ಓವರ್ ಎನ್ನುತ್ತಾರಂತೆ. ನಾನು ಮೊದಲ ಕಾರು ಹುಡುಕುತ್ತಿದ್ದ ಎರಡು ಸಾವಿರದ ಐದು-ಆರರ ಹೊತ್ತಿಗೆ ನಮ್ಮ ಕಡೆ ಅದಕ್ಕೆ ಹೆಸರಿರಲಿಲ್ಲ. ಉದ್ದದಲ್ಲಿ ಸಣ್ಣ ಕಾರು, ಎತ್ತರದಲ್ಲಿ ಜೀಪು. ಅಕ್ಕನ ಗಂಡ ಸದಾನಂದ ಭಾವ "ಮರಿ ಜೀಪು" ಎಂದು ಕರೆದರು, ನಮ್ಮ ಮನೆಯಲ್ಲಿ ಅದೇ ಉಳಿಯಿತು. ಇನ್ನಂಜೆಯಲ್ಲಿ ನಮ್ಮ ಮನೆಗೆ ಗದ್ದೆಯ ನಡುವಿನ ಮಣ್ಣು ದಾರಿ. ಚಕ್ರ ಹೋಗುವಲ್ಲಿ ಎರಡು ಗುಂಡಿ, ನಡುವೆ ಹುಲ್ಲು ಬೆಳೆದ ದಿಬ್ಬ. ತಗ್ಗಿನ ಕಾರಿನಲ್ಲಿ ಬಂದ ನೆಂಟರೆಲ್ಲ ಹೊಟ್ಟೆ ಉಜ್ಜಿಸಿಕೊಂಡೇ ಬರುತ್ತಿದ್ದರು. ಹಾಗಾಗಿ ಮರಿ ಜೀಪೇ ಆಗಬೇಕು, ಸೆಕೆಂಡ್ ಹ್ಯಾಂಡೇ ಆಗಬೇಕು ಎಂದು ತೀರ್ಮಾನವಾಯಿತು. ಕಾರು ಬೇಕಾಗಿದ್ದದ್ದು ನನಗೆ. ನಾನು ಕಲಿಸುತ್ತಿದ್ದ ಹೈಸ್ಕೂಲು ಕಾರ್ಕಳದಲ್ಲಿ. ಬಸ್ಸು ಬದಲಿಸಿ, ಕಂಡಕ್ಟರು "ಒಳಗೆ ಜಾಗ ಉಂಟು, ಒಳಗೆ ಹೋಗಿ" ಎಂದು ತಳ್ಳಿದಲ್ಲಿ ನಿಂತು, ಶಾಲೆ ತಲುಪುವಾಗ ಸೀರೆಯೂ ನಾನೂ ಹಿಂಡಿದ ಹಾಗೆ ಆಗಿರುತ್ತಿದ್ದೆವು.

ನಮ್ಮವರಿಗೆ ಅಂದಿಗೂ ಇಂದಿಗೂ ಸ್ಕೂಟರೇ ಸಾಕು. ನಾನು ಉಡುಪಿಯಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದೆ. ಆದರೆ ಕಲಿಸುವ ಕಾರಿನಲ್ಲಿ ಕ್ಲಚ್ಚು ಬ್ರೇಕು ಮಾಸ್ಟ್ರ ಕಾಲಿನ ಬಳಿಯೂ ಇರುತ್ತದೆ ನೋಡಿ, ಅಷ್ಟು ದಿನ ಕಾರು ಬಿಟ್ಟದ್ದು ನಾನೋ ಅವರೋ ಎಂಬ ಸಂಶಯ ನನಗೆ ಉಳಿದೇ ಇತ್ತು. ಭಾವನಿಗೆ ಸಂಶಯವೇ ಇರಲಿಲ್ಲ. "ಲೈಸೆನ್ಸ್ ಪರ್ಸಿನಲ್ಲಿರಲಿ ಮಾರಾಯ್ತಿ. ಕಾಪುವಿನಲ್ಲಿ ನನ್ನ ಗುರ್ತದ ಒಬ್ಬ ಡ್ರೈವರ್ ಇದ್ದಾನೆ. ನೀನು ಹಿಂದೆ ಕೂತು ಪಾಠ ಓದಿಕೊಂಡು ಹೋಗು" ಎಂದರು. ಒಮ್ಮೆ ಹಿಂದಿನ ಸೀಟಿನಲ್ಲಿ ಕೂತರೆ ನಾನು ಮುಂದೆ ಬರುವುದು ಇನ್ನು ಈ ಜನ್ಮದಲ್ಲಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಹಳೆಯ ಕಾರು ಆರಿಸುವುದರಲ್ಲಿ ಭಾವನನ್ನು ಮೀರಿಸುವವರಿಲ್ಲ ಎಂದು ನಮ್ಮ ನೆಂಟರಿಷ್ಟರಲ್ಲೆಲ್ಲ ಹೆಸರು. ಅವರು ಮೊದಲು ಕಾರು ನೋಡುತ್ತಿರಲಿಲ್ಲ, ಮನೆ ನೋಡುತ್ತಿದ್ದರು. "ಬಾವಿಯ ಹಗ್ಗ ಸವೆಯುವವರೆಗೆ ಸುಮ್ಮನಿರುವವರು ಕಾರಿಗೆ ಆಯಿಲ್ ಬದಲಿಸುತ್ತಾರಾ?" ಎನ್ನುವರು. ಇನ್ನೊಂದು ಕಟ್ಟುನಿಟ್ಟು, ಕಾರು ಒಪ್ಪಿಗೆಯಾಗದೆ ಆ ಮನೆಯ ಚಾ ಮುಟ್ಟುವಂತಿಲ್ಲ. ಚಾ ಕುಡಿದ ಬಾಯಲ್ಲಿ ಬೇಡ ಎನ್ನಲು ಅವರಿಗೆ ನಾಲಗೆ ಬರುವುದಿಲ್ಲವಂತೆ. ಹಾಗಾಗಿ ಚಾ ಕುಡಿದರೆಂದರೆ ವ್ಯಾಪಾರ ಮುಗಿಯಿತೆಂದೇ ಅರ್ಥ. ಹೂಡೆಯ ಒಂದು ಮನೆಯಲ್ಲಿ ಕಡಲ ಗಾಳಿಗೆ ಬಾಗಿಲ ಬುಡ ತುಕ್ಕು ಹಿಡಿದು ಹಪ್ಪಳದ ಹಾಗೆ ಎದ್ದಿತ್ತು. ಪಾಪ, ಮನೆಯವರು ಬಿಸಿ ಬಿಸಿ ಚಾ, ಗೋಳಿಬಜೆ ತಂದಿಟ್ಟರು. ಭಾವ ಗ್ಯಾಸ್ಟ್ರಿಕ್ ಎಂದು ಹೊಟ್ಟೆ ಹಿಡಿದುಕೊಂಡು ಎದ್ದರು. ಗೋಳಿಬಜೆಯ ಕಡೆ ನೋಡುತ್ತಲೇ ನಾನೂ ಎದ್ದೆ.

ಆಮೇಲೆ ಹೋದದ್ದು ಹೊಳೆಬದಿಯ ಊರು ಕೆಮ್ಮಣ್ಣಿಗೆ. ಮನೆಯಾಕೆ ಲಿಲ್ಲಿ ಬಾಯಿ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಗೌರವದಿಂದ ಬಾಯಿ ಎನ್ನುತ್ತೇವೆ. ಗಂಡ ಮಸ್ಕತ್ತಿನಲ್ಲಿ. ರಜೆಯಲ್ಲಿ ಬಂದಾಗ ಕೊಂಡ ಮರಿ ಜೀಪು, ಅವರು ಅತ್ತ ಹೋದ ಮೇಲೆ ಟಾರ್ಪಾಲಿನಡಿ. ಮುಂದಿನ ರಜೆಗೆ ಹೊಸದು ಕೊಳ್ಳುವುದು, ಇದನ್ನು ಮಾರಿಬಿಡು ಎಂದು ಫೋನಿನಲ್ಲಿ ಹೇಳಿದ್ದರಂತೆ. ಟಾರ್ಪಾಲು ಸರಿಸಿ ಬಾಗಿಲು ತೆರೆದಾಗ ಬಂದದ್ದೇ ಆ ನುಸಿಗುಳಿಗೆಯ ವಾಸನೆ. ಹೂಡೆಯ ಗೋಳಿಬಜೆ ತಪ್ಪಿದ ನನ್ನ ಹಸಿವಿಗೆ ಆ ವಾಸನೆ ಅಂದೇ ಅಂಟಿಕೊಂಡಿತು. ಬಾವಿಗೆ ಹೊಸ ಹಗ್ಗ, ಮೆಟ್ಟಿಲ ಬದಿಯಲ್ಲಿ ಜೋಡಿಸಿಟ್ಟ ಚಪ್ಪಲಿ, ತೆಂಗಿನ ಕಟ್ಟೆಗಳಿಗೆಲ್ಲ ಸುಣ್ಣ. ಕಾರು ಓಡಿದ್ದೂ ಬಹಳ ಕಡಿಮೆ. ಬಾನೆಟ್ ಎತ್ತಿ ನೋಡಿದ ಭಾವ ಜಗಲಿಗೆ ಬಂದು ಕೂತು, "ಚಾ ಉಂಟಾ ಬಾಯಿ?" ಎಂದು ತಾವಾಗಿ ಕೇಳಿದರು. ಚಾ ಬಂತು, ಜೊತೆಗೆ ಬಾಳೆಕಾಯಿ ಚಿಪ್ಸು. ಭಾವ ಎರಡನೇ ಲೋಟಕ್ಕೂ ಕೈ ಚಾಚಿದರು. ನಮ್ಮವರು ನನ್ನತ್ತ ನೋಡಿ ಕಣ್ಣು ಮಿಟುಕಿಸಿದರು.

ಲಿಲ್ಲಿ ಬಾಯಿ ಕೀ ಹಿಡಿದುಕೊಂಡು, "ಬಿಡುವುದು ಯಾರು?" ಎಂದರು.

"ಡ್ರೈವರ್ ಇದ್ದಾನೆ" ಎಂದರು ಭಾವ.

"ನಾನು" ಎಂದೆ. ಅಷ್ಟು ಗಟ್ಟಿಯಾಗಿ ಹೇಳುತ್ತೇನೆಂದು ನನಗೂ ಗೊತ್ತಿರಲಿಲ್ಲ.

ಬಾಯಿ ಇಬ್ಬರನ್ನೂ ನೋಡಿ ಕೀಯನ್ನು ನನ್ನ ಕೈಗೆ ಕೊಟ್ಟರು. "ಹಾಗಾದರೆ ನೀವು ಬಿಟ್ಟು ನೋಡಬೇಕಲ್ವಾ? ಬನ್ನಿ, ನಾನೂ ಬರ್ತೇನೆ."

ಗಂಡಸರು ಚಾದ ಜೊತೆ ಜಗಲಿಯಲ್ಲೇ ಉಳಿದರು. ಗೇಟು ದಾಟುವಾಗ ಬಾಯಿ ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿದುಕೊಂಡರು. ನನ್ನ ಮೇಲೆ ನಂಬಿಕೆ ಇಲ್ಲವೆಂದುಕೊಂಡೆ. ವಿಷಯ ಬೇರೆಯೇ ಇತ್ತು. ಬ್ಯಾಟರಿ ಸಾಯಬಾರದೆಂದು ಅವರು ಪ್ರತಿ ಆದಿತ್ಯವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು, ಫಸ್ಟ್ ಗೇರಿನಲ್ಲಿ ಗೇಟಿನ ತನಕ, ರಿವರ್ಸಿನಲ್ಲಿ ಅಂಗಳದ ತನಕ ಕಾರು ಬಿಡುತ್ತಿದ್ದರಂತೆ. "ಲೈಸೆನ್ಸ್ ಉಂಟು ನನಗೆ. ಆದರೆ ಇವರು ಗೇಟು ದಾಟಬೇಡ ಅಂದಿದ್ದಾರೆ, ರಸ್ತೆಯಲ್ಲಿ ಎಂತಾದರೂ ಆದರೆ ಅಂತ. ಸೆಕೆಂಡ್ ಗೇರು ಹಾಕಿಯೇ ಗೊತ್ತಿಲ್ಲ ನನಗೆ" ಎಂದರು. ಹೊಳೆಬದಿಯ ರಸ್ತೆಯಲ್ಲಿ ನಾನು ಸೆಕೆಂಡ್ ಹಾಕಿ, ಧೈರ್ಯ ಬಂದು ಥರ್ಡಿಗೂ ಹೋದೆ. ಪಕ್ಕದಲ್ಲಿ ಮಾಸ್ಟ್ರಿಲ್ಲ, ಅವರ ಬ್ರೇಕೂ ಇಲ್ಲ. ಕಾರು ಬಿಡುತ್ತಿದ್ದವಳು ನಾನೇ. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು.

ರಸ್ತೆ ಖಾಲಿ ಇದ್ದಲ್ಲಿ ಬಾಯಿ ಕೇಳಿದರು, "ನಾನೊಮ್ಮೆ ಬಿಡಲಾ?"

ಸೀಟು ಬದಲಿಸಿದೆವು. ಸೆಕೆಂಡಿಗೆ ಹೋಗುವಾಗ ಗೇರು ಕರಕರ ಎಂದಿತು. ಥರ್ಡಿಗೆ ನಾನು ಅವರ ಕೈಯ ಮೇಲೆ ಕೈಯಿಟ್ಟು ಹಾಕಿಸಿದೆ. ಆಮೇಲೆ ಅವರು ನನ್ನ ಕೈ ಸರಿಸಿ ತಾವೇ ಹಾಕಿದರು. ಹೂಡೆಯ ಕಡೆಗೆ ಎಷ್ಟೋ ದೂರ ಹೋಗಿ, ತಿರುಗಿಸಿ, ದಾರಿಯಲ್ಲಿ ಸಿಕ್ಕ ಗುರ್ತದವರಿಗೆಲ್ಲ ಸುಮ್ಮಸುಮ್ಮನೆ ಹಾರ್ನ್ ಹಾಕಿಕೊಂಡು ಬಂದೆವು. ಗೇಟಿನೊಳಗೆ ಕಾರು ತಂದು ನಿಲ್ಲಿಸಿದ ಬಾಯಿ ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ. "ನೀವು ಬೇಜಾರು ಮಾಡಬಾರದು. ಇದನ್ನು ನಾನು ಕೊಡುವುದಿಲ್ಲ" ಎಂದರು.

ಬೆಳಗ್ಗಿನ ಬಸ್ಸು, ಕಂಡಕ್ಟರನ ದನಿ, ಭಾವನ ಡ್ರೈವರು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಆದರೆ ಆಕೆಯ ಮುಖ ನೋಡಿದರೆ ಕೊಡಿ ಎನ್ನುವುದಾದರೂ ಹೇಗೆ? "ಕೊಡಬೇಡಿ" ಎಂದೆ.

ಜಗಲಿಯಲ್ಲಿದ್ದ ಭಾವ ಎದ್ದೇ ನಿಂತರು. "ನಾನು ಚಾ ಕುಡಿದಾಗಿದೆ ಬಾಯಿ, ಅದೂ ಎರಡು ಲೋಟ!"

"ಇನ್ನೊಂದು ತರಲಾ?" ಎಂದರು ಬಾಯಿ. ತಾವು ಕುಡಿದ ಚಾ ತಮ್ಮನ್ನು ಮಾತ್ರ ಕಟ್ಟಿಹಾಕುತ್ತದೆ, ಕೊಟ್ಟವರನ್ನಲ್ಲ ಎಂಬುದು ಭಾವನಿಗೆ ಆ ದಿನದವರೆಗೆ ಹೊಳೆದಿರಲಿಲ್ಲ. ಮಸ್ಕತ್ತಿನವರು ಏನೆಂದರೋ ನನಗೆ ತಿಳಿಯದು. ನೆಂಟರ ಮನೆಗೆ ಹೋಗುತ್ತಿದ್ದ ಒಂದು ಸಂಜೆ ಸಂತೆಕಟ್ಟೆಯಲ್ಲಿ ಅದೇ ಮರಿ ಜೀಪು ನಾನಿದ್ದ ಬಸ್ಸನ್ನು ಹಿಂದಿಕ್ಕಿ ಹೋಯಿತು. ಬಿಡುತ್ತಿದ್ದದ್ದು ಲಿಲ್ಲಿ ಬಾಯಿ, ಹಿಂದಿನ ಸೀಟಿನ ತುಂಬ ಹಲಸಿನಹಣ್ಣು.

ನನ್ನ ಕಾರು ಸಿಕ್ಕಿದ್ದು ಕಾರ್ಕಳದಲ್ಲೇ, ಶಾಲೆಯ ಹತ್ತಿರದ ಮನೆಯಲ್ಲಿ. ಅಂಗಳದ ತುಂಬ ತರಗೆಲೆ, ಬಾವಿಯ ಹಗ್ಗಕ್ಕೆ ಮೂರು ಗಂಟು. ಭಾವ ಗೇಟಿನಲ್ಲೇ ನಿಂತು ಬೇಡವೆಂದು ತಲೆಯಾಡಿಸಿದರು. ನಾನು ಅವರನ್ನು ಕೇಳದೆ ಬಲಬದಿಯ ಬಾಗಿಲು ತೆರೆದು ಕೂತೆ, ಏರಿನಲ್ಲಿ ಬಿಟ್ಟು ನೋಡಿದೆ. ಎರಡು ಸಲ ನಿಂತಿತು, ತಪ್ಪು ನನ್ನ ಕಾಲಿನದ್ದು. ಗೇರು ಮಾತ್ರ ಹೇಳಿದ ಹಾಗೆ ಕೇಳುತ್ತಿತ್ತು. ವಾಪಸು ಬಂದಾಗ ಆ ಮನೆಯವರು ಚಾ ತಂದರು. ಭಾವ ಹೊಟ್ಟೆ ಹಿಡಿದುಕೊಳ್ಳುವ ಮೊದಲೇ ನಾನು ಲೋಟ ತೆಗೆದು ಒಂದೇ ಉಸಿರಿಗೆ ಕುಡಿದೆ. ನಾಲಗೆ ಸುಟ್ಟಿತು. ಬೆಳ್ಮಣ್ಣಿನ ದಾರಿಯಾಗಿ ಇನ್ನಂಜೆಗೆ ಆ ಕಾರು ತಂದವಳು ನಾನು, ಹಿಂದೆ ಕೂತು ಬಂದವರು ಭಾವ. ಗದ್ದೆಯ ದಿಬ್ಬ ದಾಟಿದಾಗ, "ಹೊಟ್ಟೆ ತಾಗಲಿಲ್ಲ ಅಲ್ವಾ" ಎಂದರು. ಅವರಿಂದ ಅದು ದೊಡ್ಡ ಸರ್ಟಿಫಿಕೇಟು.

ಇಷ್ಟನ್ನೂ ನೆನೆಯುತ್ತಾ ನಾನು ಶೆಡ್ಡಿನಲ್ಲಿ ಬಾಗಿಲು ಹಿಡಿದು ನಿಂತೇ ಇದ್ದೆ. ಶೆಡ್ಡಿನವರು ಗೇರಿನ ಕಾರಿನ ಗುಣಗಾನ ಮಾಡುತ್ತಿದ್ದರು. ನಾನು ಹಟ ಹಿಡಿದದ್ದಾದರೂ ಯಾವುದಕ್ಕೆ? ಅಂದು ನನಗೆ ಬೇಕಾಗಿದ್ದದ್ದು ಗೇರಲ್ಲ, ಬಲಬದಿಯ ಸೀಟು. ಗೇರಿನದ್ದೇ ಕೊಂಡು ಈ ಮೊಣಕಾಲು ಪೂರ್ತಿ ಕೈಕೊಟ್ಟರೆ, ಇವರೆಲ್ಲ ಸೇರಿ ನನ್ನನ್ನು ಹಿಂದೆ ಕೂರಿಸಿ ಡ್ರೈವರನನ್ನು ಹುಡುಕುತ್ತಾರೆ. ಪ್ರೀತಿಯಿಂದಲೇ ಹುಡುಕುತ್ತಾರೆ, ಬೇಡವೆನ್ನಲೂ ಆಗದು.

"ಗೇರಿಲ್ಲದ್ದನ್ನೂ ತೋರಿಸಿ" ಎಂದೆ.

ಶೆಡ್ಡಿನವರು ಇನ್ನೊಂದು ಕಾರನ್ನು ಹೊರಗೆ ತಂದು ನಿಲ್ಲಿಸಿದರು. ನಮ್ಮವರು ಎಂದಿನಂತೆ ಸುತ್ತು ಹಾಕಿ ಎಡಬದಿಗೆ ಹೋಗಿ ಕೂತು, ಬೆಲ್ಟ್ ಹಾಕಿಕೊಂಡು, ನಾನು ಹತ್ತುವುದನ್ನು ಕಾಯತೊಡಗಿದರು.