ಭಾವನವರು ಗುಂಡಿನ ವೇಗ ಅಳೆದದ್ದು

ಹೋದ ವಾರ ನಿಪ್ಪಾಣಿಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆಗೆ ಹೊಂದುವ ಫಾಲ್ ಹುಡುಕುತ್ತ ನಿಂತಿದ್ದೆ. ಗಲ್ಲೆಯ ಮೇಲಿನ ಟಿವಿಯಲ್ಲಿ ಇಡೀ ಅಂಗಡಿಗೆ ಕೆಂಪು ಮಬ್ಬು ಕವಿದಿತ್ತು. ಮಾಲಕರು ಕ್ಯಾಮೆರಾ ಕೂಡಿಸಿಹೋದವನನ್ನು ಫೋನಿನಲ್ಲಿ ಮನಸಾರೆ ಬೈಯುತ್ತಿದ್ದರು. ನಾನು ಕತ್ತೆತ್ತಿ ನೋಡಿದೆ. ಹೊಚ್ಚಹೊಸ ಕ್ಯಾಮೆರಾದ ಕಣ್ಣಿನ ನಟ್ಟನಡುವೆ ಕುಂಕುಮದ ಬೊಟ್ಟು, ಅದಕ್ಕಂಟಿದ ಒಂದೆರಡು ಅಕ್ಕಿಕಾಳು. ಪೂಜೆ ಸಾಂಗವಾಗಿ ಆಗಿತ್ತು. ಹೇಳೋಣವೆಂದುಕೊಂಡೆ, ಆದರೆ ಬೈಗುಳ ಒಳ್ಳೆ ಲಯ ಹಿಡಿದಿತ್ತು. ಕೆಡಿಸುವುದೇಕೆಂದು ಫಾಲ್ ಕಟ್ಟಿಸಿಕೊಂಡು ಹೊರಬಿದ್ದೆ. ಬಸ್ಸು ಚಿಕ್ಕೋಡಿ ದಾಟುವವರೆಗೂ ಒಬ್ಬಳೇ ನಗುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಆಕೆಗೇನು ಗೊತ್ತು ನಮ್ಮ ಭಾವನವರ ಸಂಗತಿ? ನಿಮಗಾದರೂ ಹೇಳುತ್ತೇನೆ.

ಭಾವನವರೆಂದರೆ ನನ್ನ ಗಂಡನ ಅಣ್ಣ. ಅಥಣಿ ಕಡೆ ನಮ್ಮದು ದ್ರಾಕ್ಷಿ ತೋಟ, ಕೂಡಿದ ಮನೆ, ಮನೆಗೆ ಅವರೇ ಹಿರಿಯರು. ಬೋರಿನ ಮೋಟಾರು ಸುಡಲಿ, ಎಮ್ಮೆ ಮೇವು ಬಿಡಲಿ, ಅವರು ಮೊದಲು ತೀರ್ಪು ಕೊಡುತ್ತಾರೆ. ಹತ್ತಿರ ಹೋಗಿ ನೋಡುವುದು ಆಮೇಲೆ, ಅದೂ ಪುರುಸೊತ್ತಿದ್ದರೆ. ಅವರ ಎಲ್ಲರಿಗಿಂತ ಕಿರಿಯ ತಂಗಿ ತ್ರಿಶಲಾ, ನನ್ನ ನಾದಿನಿ, ನಾನವಳಿಗೆ ವೈನಿ. ಕಾಲೇಜಿನ ಎನ್‌ಸಿಸಿಯಲ್ಲಿ ಬಂದೂಕು ಹಿಡಿದವಳು ಗುರಿಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದಳು. ಆಗ ಭಾವನವರೇ ಮುಂದೆ ನಿಂತು ಯಾರೋ ಬಳಸಿದ ಏರ್ ರೈಫಲ್ಲೊಂದನ್ನು ಆರಿಸಿ ತಂದರು. ಅದರಲ್ಲಿ ಮದ್ದು ಇರುವುದಿಲ್ಲ. ನಳಿಗೆಯ ಕೆಳಗಿನ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ ಹೆಸರುಕಾಳಿನಷ್ಟು ಸೀಸದ ಗುಂಡನ್ನು ಹತ್ತು ಮೀಟರ್ ಆಚೆಯ ಕಾಗದಕ್ಕೆ ಹೊಡೆಯುತ್ತದೆ, ಅಷ್ಟೇ.

ನಮ್ಮದು ಜೈನರ ಮನೆ. ಕಾಗದಕ್ಕೆ ಬಿಟ್ಟು ಮತ್ಯಾವುದಕ್ಕೂ ತಾಗುವುದಿಲ್ಲವೆಂದು ಅತ್ತೆಯವರು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆದರೂ ದಿನಾ ಗುಂಡು ಬೀಳುವ ಕಬ್ಬಿಣದ ಪೆಟ್ಟಿಗೆಯಲ್ಲಿ ಇರುವೆ ಇದ್ದಾವೆಯೇ ಎಂದು ಬಗ್ಗಿ ನೋಡಿ, ಮೆತ್ತನೆಯ ಕಸಬರಿಗೆಯಿಂದ ಗುಡಿಸಿಯೇ ಅಪ್ಪಣೆ ಕೊಡುತ್ತಿದ್ದರು. ಹತ್ತಿರ ಹೋಗಿ ನೋಡುವ ಅಭ್ಯಾಸ ನಮ್ಮ ಮನೆಯಲ್ಲಿ ಅವರೊಬ್ಬರಿಗೇ ಇತ್ತು.

ರಾಜ್ಯಮಟ್ಟದ ಆಯ್ಕೆಗೆ ಕೆಲವೇ ತಿಂಗಳು ಇರುವಾಗ ತ್ರಿಶಲಾಳ ಗುರಿ ಕೆಟ್ಟಿತು. ಎಂಟು ಗುಂಡು ನಡುವಿಗೆ ಬಿದ್ದರೆ ಒಂದು ಇದ್ದಕ್ಕಿದ್ದಂತೆ ಮೇಲೆ ಹೋಗುತ್ತಿತ್ತು. ಹುಡುಗಿಯ ಮನಸ್ಸು ನೆಟ್ಟಗಿಲ್ಲವೆಂದು ಭಾವನವರ ತೀರ್ಪಾಯಿತು. ನಾವೂ ಹಿಂದೆ ಬೀಳಲಿಲ್ಲ. ರಾತ್ರಿ ನೆನೆಸಿಟ್ಟ ಬಾದಾಮಿ ಕೊಟ್ಟೆವು, ನಸುಕಿನಲ್ಲಿ ಎಬ್ಬಿಸಿ ಧ್ಯಾನಕ್ಕೆ ಕೂರಿಸಿದೆವು. ಗುಂಡು ಮಾತ್ರ ಬಾದಾಮಿಗೂ ಧ್ಯಾನಕ್ಕೂ ಬಗ್ಗಲಿಲ್ಲ. ಕಡೆಗೊಂದು ದಿನ ಊಟದ ಹೊತ್ತಿಗೆ ಭಾವನವರು ಎಲ್ಲರ ಮುಂದೆ ಹೇಳಿದರು: “ಗುಂಡಿನ ವೇಗ ಅಳಿಯೂ ಮಶೀನ ತರಸ್ತೀನಿ. ಬಂದೂಕದ್ದ ತಪ್ಪಂದ್ರ ನಾ ರಿಪೇರಿ ಮಾಡಸ್ತೀನಿ. ನಿಂದ ತಪ್ಪಂದ್ರ ಈ ಆಟ ಇಲ್ಲಿಗೆ ಬಂದ್. ಕಬೂಲೇನ?”

ತ್ರಿಶಲಾ ತಟ್ಟೆ ನೋಡುತ್ತ ಹೂಂ ಎಂದಳು. ಅಷ್ಟೊತ್ತಿಗೆ ಅವಳಿಗೂ ತನ್ನ ಮೇಲೆಯೇ ಅನುಮಾನ ಬಂದಿತ್ತು.

ಮಶೀನು ಆರಿಸುವ ಕೆಲಸ ತಿಂಗಳು ಹಿಡಿಯಿತು. ಭಾವನವರು ಮೊಬೈಲು ನೋಡುತ್ತ ತೋಟಕ್ಕೆ ಹೋಗುವುದನ್ನೇ ಮರೆತರು. ಬಂದೂಕಿನ ಬಾಯಿಗೇ ಸಿಕ್ಕಿಸುವ ಹಿಡಿಯಷ್ಟು ಸಣ್ಣದೊಂದಿತ್ತು. ತನ್ನ ಬೆಳಕು ತನ್ನೊಳಗೇ ಇಟ್ಟುಕೊಂಡದ್ದು, ಎಲ್ಲಿ ಬೇಕಾದರೂ ಅಳೆಯುವಂಥದ್ದು. ನಮ್ಮ ರೈಫಲ್ಲಿಗೆ ಅದೇ ಸಾಕೆಂದು ತ್ರಿಶಲಾ ಅಂದಳು. ಇನ್ನೊಂದು ಮೊಳದುದ್ದದ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲುವಂಥದ್ದು, ಮೇಲೆ ತಂತಿಯ ಕಮಾನು ಬೇರೆ. ಮಂದಿ ಬಂದು ನೋಡಿದರೆ ಕಣ್ಣಿಗೆ ಕಾಣುವಂಥದ್ದು ಬೇಕಲ್ಲವೇ ಎಂದು ಭಾವನವರು ದೊಡ್ಡದನ್ನೇ ತರಿಸಿದರು.

ಅದರ ಕೆಲಸ ನನ್ನಂಥವಳಿಗೂ ತಿಳಿಯುವಷ್ಟು ಸರಳ. ಪೆಟ್ಟಿಗೆಯ ಬೆನ್ನ ಮೇಲೆ ಹಿಂದೊಂದು ಮುಂದೊಂದು ಕಣ್ಣು. ಗುಂಡಿನ ನೆರಳು ಮೊದಲ ಕಣ್ಣಿನ ಮೇಲೆ ಹಾಯ್ದಾಗ ಒಳಗಿನ ಗಡಿಯಾರ ಸುರುವಾಗುತ್ತದೆ, ಎರಡನೆಯದರ ಮೇಲೆ ಹಾಯ್ದಾಗ ನಿಲ್ಲುತ್ತದೆ. ನಡುವಿನ ಅಂತರ ಮೊದಲೇ ಗೊತ್ತು. ವೇಗ ಲೆಕ್ಕ ಹಾಕಿ ತೋರಿಸುತ್ತದೆ. ನೆರಳಿನ ಆಟವಾದ್ದರಿಂದ ಒಂದೇ ಸಮನಾದ ಹಗಲಿನ ಬೆಳಕು ಬೇಕು. ಟ್ಯೂಬ್‌ಲೈಟಿನ ಕೆಳಗೆ ಏನೇನೋ ಬಡಬಡಿಸುತ್ತದೆ. ಹೊತ್ತು ಮುಳುಗಿದ ಮೇಲೆ ಅತ್ತೆಯವರು ಊಟ ಮುಟ್ಟುವುದಿಲ್ಲ, ಇದೂ ಕೆಲಸ ಮುಟ್ಟುವುದಿಲ್ಲ. ಜಾಗ ಮಾತ್ರ ನಮ್ಮಲ್ಲಿ ಹೇಳಿ ಮಾಡಿಸಿದಂತಿತ್ತು. ಒಣದ್ರಾಕ್ಷಿ ಮಾಡುವ ಶೆಡ್ಡು ಸುಗ್ಗಿ ಮುಗಿದು ಖಾಲಿ ಬಿದ್ದಿತ್ತು. ಸುತ್ತ ಹಸಿರು ಬಲೆಯ ಪರದೆ, ಒಳಗೆ ಸೋಸಿದಂಥ ಬೆಳಕು.

ಮಶೀನು ಬಂದದ್ದು ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ಮುನ್ನಾದಿನ. ಇನ್ನು ಕೇಳಬೇಕೇ? ಟ್ರ್ಯಾಕ್ಟರು, ಪಂಪು, ಕುಡಗೋಲುಗಳ ಸಾಲಿನಲ್ಲಿ ಅದನ್ನೂ ಇಟ್ಟು, ಚೆಂಡುಹೂವು ಏರಿಸಿ, ಟ್ರ್ಯಾಕ್ಟರಿನ ಎರಡು ಲೈಟಿಗೆ ಹಚ್ಚಿದಂತೆಯೇ ಅದರ ಎರಡೂ ಕಣ್ಣಿಗೆ ಭಾವನವರು ಹೆಬ್ಬೆರಳಿನಿಂದ ಒತ್ತಿ ಕುಂಕುಮ ಹಚ್ಚಿದರು. ಮರುದಿನ ಕಾಗವಾಡ, ಶಿರಗುಪ್ಪಿಯ ಬೀಗರನ್ನೂ ಕರೆಸಿದ್ದರು. ಮೊದಲ ಗುಂಡು ಹಾರಿಸುವ ಮರ್ಯಾದೆ ತಮ್ಮದೇ ಎಂದು ಹಾರಿಸಿ, ನೇರ ತಂತಿಯ ಕಮಾನಿಗೆ ಹೊಡೆದರು. ಅದು ಬಾಗಿದ್ದು ಪಾರ್ಸಲ್ಲಿನಲ್ಲೇ ಎಂದರು. ಬೀಗರು ಹೌದ್ರಿ ಹೌದ್ರಿ ಎಂದು ಚಹಾ ಕುಡಿದರು.

ಆಮೇಲೆ ತ್ರಿಶಲಾ ಹೊಡೆದಳು. ಸೆಕೆಂಡಿಗೆ ನೂರಾ ಎಪ್ಪತ್ತು ಮೀಟರ್ ಬರಬೇಕಾದ ಕಡೆ ಒಮ್ಮೆ ನಾಲ್ಕು ನೂರು, ಒಮ್ಮೆ ತೊಂಬತ್ತು, ಒಮ್ಮೆ ಬರಿಯ ಗೆರೆ. ಬುದ್ಧಿ ಇದ್ದವರು ಅಲ್ಲಿಗೆ ನಿಲ್ಲಿಸುತ್ತಿದ್ದರು. ಭಾವನವರು ನಾಲ್ಕು ನೂರನ್ನು ಬಂದೂಕಿನ ಖಾತೆಗೂ ತೊಂಬತ್ತನ್ನು ತಂಗಿಯ ಖಾತೆಗೂ ಹಾಕಿದರು. “ಬಂದೂಕ ನಾಕ್ನೂರ ಹೊಡಿತೈತಿ. ನೀ ಗಾಬರ್ಯಾದಿ ಅಂದ್ರ ತೊಂಬತ್ತಕ್ಕ ಇಳಿತೈತಿ. ಮಶೀನ ಸುಳ್ಳ ಹೇಳ್ತೈತೇನ?” ನಾಲ್ಕು ನೂರನ್ನು ಗಂಟೆಗೆ ಇಷ್ಟು ಕಿಲೋಮೀಟರೆಂದು ಲೆಕ್ಕ ಹಾಕಿ, ಇಷ್ಟೊತ್ತಿಗೆ ಗುಂಡು ಬೆಂಗಳೂರು ಮುಟ್ಟಿ ಹಲ್ಲುಜ್ಜುತ್ತಿತ್ತು ಎಂದೂ ಹೇಳಿದರು. ಹೊಡೆದವಳ ಗಾಬರಿಗೆ ಗುಂಡು ನಿಧಾನವಾಗುತ್ತದೆಂದು ನಂಬಿದ ಹತ್ತು ಜನ ಗಂಡಸರನ್ನು ನಾನು ಒಂದೇ ಚಾಪೆಯ ಮೇಲೆ ಕಂಡೆ.

ಅವರೆಲ್ಲ ಹೋದ ಮೇಲೆ ತ್ರಿಶಲಾ ರೈಫಲ್ಲನ್ನು ಚೀಲಕ್ಕೆ ಹಾಕುತ್ತಿದ್ದಳು, ತಿರುಗಿ ತೆಗೆಯುವುದಿಲ್ಲವೆಂಬಂತೆ. ನಾನು ಮಶೀನಿನ ಧೂಳು ಒರೆಸಲು ಕೂತೆ. ನನಗೆ ಬರುವುದು ಅಷ್ಟೇ. ಬಟ್ಟೆ ಕೆಂಪಾಯಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ನೀರು ಸೋಸುವ ತೆಳು ಬಟ್ಟೆ ತಂದು ಎರಡೂ ಕಣ್ಣು ಸ್ವಚ್ಛ ಮಾಡಿದೆ.

ಮರುದಿನ ಹಗಲು ನಾವಿಬ್ಬರೇ ಶೆಡ್ಡಿಗೆ ಹೋದೆವು. ಕೈಯ ನಡುಕದ ಮಾತೇ ಬರಬಾರದೆಂದು ರೈಫಲ್ಲನ್ನು ಮರಳಿನ ಚೀಲದ ಮೇಲೆ ಇಟ್ಟಳು. ಮಶೀನನ್ನು ನಳಿಗೆಯಿಂದ ಒಂದು ಮಾರು ದೂರದಲ್ಲಿ, ಗುಂಡು ಎರಡೂ ಕಣ್ಣಿನ ಮೇಲೆ ನೇರ ಹಾಯುವಂತೆ ನಿಲ್ಲಿಸಿದಳು. ನಾನು ದಿನಚರಿ ಬರೆಯುವ ನೋಟಬುಕ್ಕಿನಲ್ಲಿ ಅಂಕಿ ಬರೆದುಕೊಳ್ಳುತ್ತ ಹೋದೆ. ನನಗೊಂದು ಚಟವಿದೆ: ನಡುವೆ ಆದದ್ದೆಲ್ಲವನ್ನೂ ಬರೆಯುತ್ತೇನೆ. ನೂರಾ ಎಪ್ಪತ್ತೊಂದು, ಎಪ್ಪತ್ತು, ಎಪ್ಪತ್ತೆರಡು. ಹಾಲಿನ ಗಾಡಿ ಬಂತು, ಹೋಗಿ ಬಂದೆ. ನೂರಾ ಎಂಬತ್ತೊಂಬತ್ತು. ಮತ್ತೆ ಎಪ್ಪತ್ತೊಂದು, ಎಪ್ಪತ್ತು. ಅತ್ತೆಯವರು ಇರುವೆ ನೋಡಲು ಬಂದರು, ಮಾತಾಡುತ್ತ ಕೂತರು. ನೂರಾ ತೊಂಬತ್ತು. ಹೀಗೆ ಆರು ಸಲ. ಪ್ರತಿ ಬಿಡುವಿನ ಬೆನ್ನಿಗೇ ಒಂದು ದೊಡ್ಡ ಅಂಕಿ ಕೂತಿತ್ತು. ರೈಫಲ್ಲು ಸುಮ್ಮನೆ ಇದ್ದಾಗ ಸಿಲಿಂಡರಿನ ಗಾಳಿ ಗುಂಡು ತಳ್ಳುವ ಪುಟ್ಟ ಕೋಣೆಯೊಳಕ್ಕೆ ಸೋರಿ ಅಲ್ಲಿ ಒತ್ತಡ ಏರುತ್ತಿತ್ತು. ಬಿಡುವಿನ ನಂತರದ ಮೊದಲ ಗುಂಡು ಅದಕ್ಕೇ ಜೋರಾಗಿ ಹೋಗಿ ಮೇಲೆ ಬೀಳುತ್ತಿತ್ತು.

ಭಾವನವರಿಗೆ ತೋರಿಸಿದೆ. “ಹಾಲಿನ ಗಾಡಿಗೂ ಗುಂಡಿಗೂ ಏನವಾ ಸಂಬಂಧ?” ಎಂದರು. ಹಾಗಿದ್ದರೆ ಚಹಾ ಕುಡಿದು ನೀವೇ ಹೊಡೆಯಿರಿ ಎಂದೆ. ಅರ್ಧ ತಾಸು ಸಾವಕಾಶವಾಗಿ ಕುಡಿದು ಹೊಡೆದರು: ನೂರಾ ತೊಂಬತ್ತು. ಕೂಡಲೇ ಇನ್ನೊಂದು: ನೂರಾ ಎಪ್ಪತ್ತೆರಡು. ಗಾಬರಿಯಾದಿರೇನು ಎಂದು ನಾನು ಕೇಳಲಿಲ್ಲ, ಕೇಳಬೇಕಿತ್ತು. ಪೆಟ್ಟಿಗೆಯ ಬೆನ್ನು ತಟ್ಟಿ, “ಮಶೀನ ಚೊಲೋ ಐತಿ. ನಾ ಆರಿಸಿದ್ದಲ್ಲೇನ?” ಎಂದರು. ರೈಫಲ್ಲು ರಿಪೇರಿಗೆ ಹೋಯಿತು. ಒಳಗೆ ಮೂಗುತಿಯಷ್ಟಗಲದ ರಬ್ಬರ್ ಉಂಗುರವೊಂದು ಸವೆದಿತ್ತಂತೆ. ಅದನ್ನು ತಾವು ಪತ್ತೆ ಹಚ್ಚಿದ ಕತೆಯನ್ನು ಭಾವನವರು ರಾಯಬಾಗದ ಮದುವೆಗಳಲ್ಲಿ ಇವತ್ತಿಗೂ ಹೇಳುತ್ತಾರೆ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಜಾಣೆಯಾಗಿ ಉಳಿಯುತ್ತೇನೆ. ಆದರೆ ಆ ದಿನ ರಿಪೇರಿಯವನಿಗೆ ಕಳಿಸಲು ಅಂಕಿ ಬರೆದುಕೊಳ್ಳಲೆಂದು ತ್ರಿಶಲಾ ಅಡುಗೆಮನೆಗೆ ಬಂದು ನನ್ನ ನೋಟಬುಕ್ಕು ಕೇಳಿದಳು. ಹಾಳೆ ತಿರುವುತ್ತ ಹಿಂದಕ್ಕೆ ಹೋದವಳು ಒಂದು ಕಡೆ ನಿಂತಳು. ಮಶೀನು ಬರುವುದಕ್ಕಿಂತ ಎರಡು ತಿಂಗಳ ಹಿಂದಿನ ಪುಟ, ನನ್ನದೇ ಅಕ್ಷರ: ‘ಹಾಲು ಎರಡು ಲೀಟರ್. ಗ್ಯಾಸ್ ಬಂತು. ಸ್ವಲ್ಪ ಹೊತ್ತು ಕೂತು ಎದ್ದ ಮೇಲೆ ಮೊದಲನೇ ಗುಂಡು ಮೇಲೆ ಹೋಗುತ್ತದೆ ಎನ್ನುತ್ತಾಳೆ ತ್ರಿಶಲಾ. ನೆಪ.’

ಅವಳು ಸಿಟ್ಟಿಗೇಳಲಿಲ್ಲ. “ಇಷ್ಟಕ್ಕ ನಿಮಗ ಮಶೀನ ಬೇಕಾತ್ ನೋಡ್ರಿ, ವೈನಿ” ಎಂದಳು. ಅಂಕಿ ಬರೆದುಕೊಂಡು ಹೋದಳು.

ಈಗ ಅವಳು ಕಬ್ಬೂರಿನ ಹತ್ತಿರ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ, ಸ್ಪರ್ಧೆಗೂ ಹೋಗುತ್ತಾಳೆ. ಒಮ್ಮೊಮ್ಮೆ ಗೆಲ್ಲುತ್ತಾಳೆ. ನಿನ್ನೆ ಫೋನಿನಲ್ಲಿ ಎಡ ಭುಜ ನೋಯುತ್ತದೆ, ಕೂತಾಗ ಅಲ್ಲ, ನಿಂತಾಗ ಎಂದಳು. ಪಡಸಾಲೆಯಲ್ಲಿದ್ದ ಭಾವನವರು ಕೇಳಿಸಿಕೊಂಡು, ಅಭ್ಯಾಸ ತಪ್ಪಿಸುವುದಕ್ಕೆ ಹೂಡಿದ ನಾಟಕ ಎಂದು ತೀರ್ಪು ಕೊಟ್ಟರು. ನಾನು ನೋಟಬುಕ್ಕು ತೆಗೆದೆ. ‘ತ್ರಿಶಲಾಗೆ ಎಡ ಭುಜ ನೋವು. ಕೂತಾಗ ಇಲ್ಲ, ನಿಂತಾಗ.’ ಕೈ ಇನ್ನೂ ಒಂದು ಶಬ್ದಕ್ಕೆ ಕಾದು ನಿಂತಿತು. ಪೆನ್ನಿನ ಮುಚ್ಚಳ ಹಾಕಿದೆ.